ರಸೀದಿಯೊಂದರ ನಾಲ್ಕು ಅಚ್ಚು: ಯಾವುದು ಮೊದಲಿನದು?

ಹಳೇಕಾಗದ:

ಎಲ್ಲರಿಗೂ ನಮಸ್ಕಾರ. ಮುಚ್ಚಿಹೋದ ಒಂದು ಮೊಳೆಯಚ್ಚಿನ (ಮೊಳೆ ಎಂಬ ಸೀಸದ ಬಿಡಿ ಅಕ್ಷರಗಳನ್ನು ಜೋಡಿಸಿ ಅಚ್ಚು ಹಾಕುವ) ಪ್ರೆಸ್ಸಿನ ಪೆಟ್ಟಿಗೆ ನನ್ನ ಕೈಸೇರಿದೆ. ಅಲ್ಲಿ ಅಚ್ಚಾದ ಪುಸ್ತಕಗಳನ್ನು ಬಲ್ಲವರು ಮೊದಲೇ ಒಯ್ದಿದ್ದರು. ಈ ಪೆಟ್ಟಿಗೆಯನ್ನು ಯಾರೂ ಕೇಳಿರಲಿಲ್ಲ. ಒಳಗಿರುವುದೆಲ್ಲ ಬಿಡಿ ಕೆಲಸ: ರಸೀದಿ, ಔಷಧದ ಶೀಶೆಯ ಲೇಬಲ್ಲು, ವಿಸಿಟಿಂಗ್ ಕಾರ್ಡು, ಲೆಟರ್‌ಹೆಡ್ಡು, ನಾಟಕದ ಟಿಕೆಟ್ಟು, ಪುಸ್ತಕದ ಒಳರಟ್ಟಿಗೆ ಅಂಟಿಸುವ ಹೆಸರಿನ ಚೀಟಿ, ಅಂಗಡಿ ಬಾಗಿಲಿಗೆ ತೂಗುಹಾಕುವ "ಮುಚ್ಚಿದೆ" ರಟ್ಟು. ಎಣಿಸಿದರೆ 243 ಇವೆ. ಮೂರು ವಾರದಿಂದ ರಾತ್ರಿ ಊಟ ಮುಗಿದ ಮೇಲೆ ಇವನ್ನೇ ನೋಡುತ್ತ ಕೂತಿದ್ದೇನೆ.

ನನ್ನ ತಲೆ ತಿನ್ನುತ್ತಿರುವುದು ಒಂದು ರಸೀದಿ. ಅದರ ನಾಲ್ಕು ಪ್ರತಿ ಸಿಕ್ಕಿವೆ, ನಾಲ್ಕರಲ್ಲೂ ಮಾತು ಒಂದೇ, ಸುತ್ತಲಿನ ಹೂಬಳ್ಳಿ ಅಂಚೂ ಒಂದೇ. ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದಾಗ ಮಾತ್ರ ವ್ಯತ್ಯಾಸ ಗೊತ್ತಾಯಿತು. ಒಂದರಲ್ಲಿ "ಬಾಬ್ತು" ಎಂಬ ಸಾಲು ಕೂದಲೆಳೆಯಷ್ಟು ಕೆಳಗಿದೆ. ಇನ್ನೊಂದರಲ್ಲಿ "ಸಹಿ" ಅನ್ನುವುದು ಸಣ್ಣ ಮೊಳೆಯಲ್ಲಿದೆ. ಮತ್ತೊಂದರಲ್ಲಿ ಚುಕ್ಕಿಗೆರೆ ಗಿಡ್ಡವಾಗಿದೆ. ಯಾವುದರಲ್ಲೂ ಇಸವಿ ಇಲ್ಲ. ಸದ್ಯಕ್ಕೆ ಇವನ್ನು ಅ, ಆ, ಇ, ಈ ಎಂದು ಕರೆಯುತ್ತಿದ್ದೇನೆ.

ನನಗೆ ತಿಳಿಯಬೇಕಾದ್ದು ಇಷ್ಟು. ಇವೆಲ್ಲ ಮೊಳೆಯಚ್ಚೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಬೆನ್ನು ಸವರಿದರೆ ಉಬ್ಬೇ ಸಿಗುವುದಿಲ್ಲ. ಒಂದು ರಸೀದಿಯನ್ನು ಮತ್ತೆ ಮತ್ತೆ ಯಾಕೆ ತಿದ್ದಿದರು? ಯಾವುದು ಮೊದಲು, ಯಾವುದು ಕೊನೆ ಎಂದು ಹೇಳಲು ದಾರಿ ಇದೆಯೇ? ಕಾಪಿಡುವ ಬಗೆಯನ್ನೂ ತಿಳಿದವರು ಹೇಳಿದರೆ ಉಪಕಾರ.

ಕಂಪೋಸಿಂಗ್ ಸ್ಟಿಕ್:

ನಾನು 22 ವರ್ಷ ಮೊಳೆ ಜೋಡಿಸಿದವನು. ಪುಸ್ತಕವನ್ನೂ ಜೋಡಿಸಿದ್ದೇನೆ, ಆದರೆ ಹೆಚ್ಚು ದಿನ ಕಳೆದದ್ದು ನಿಮ್ಮ ಪೆಟ್ಟಿಗೆಯಲ್ಲಿರುವಂಥ ಕೆಲಸದಲ್ಲೇ. ನಾವು ಅದನ್ನು ಜಾಬ್ ವರ್ಕ್ ಎನ್ನುತ್ತಿದ್ದೆವು. ನಿಮ್ಮ ಪತ್ರ ಓದಿ ಸಂತೋಷವಾಯಿತು, ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಬೆನ್ನಿಗೆ ಉಬ್ಬು ಇಲ್ಲವೆಂದು ಅನುಮಾನ ಬೇಡ. ಒಳ್ಳೆಯ ಪ್ರೆಸ್ಸಿನಲ್ಲಿ ಹಾಳೆಯ ಬೆನ್ನು ನುಣುಪಾಗಿರಲೇಬೇಕಿತ್ತು. ಮೊಳೆ ಕಾಗದವನ್ನು ಮುಟ್ಟಬೇಕು, ಇರಿಯಬಾರದು. ನಮ್ಮ ಮೇಸ್ತ್ರಿ ಮೊದಲ ಹಾಳೆಯ ಬೆನ್ನನ್ನು ಹೆಬ್ಬೆರಳಿನಿಂದ ಸವರಿ, ಎಲ್ಲಿ ತಡೆದರೂ ಯಂತ್ರ ನಿಲ್ಲಿಸುತ್ತಿದ್ದರು. ಕಾಗದದ ಹಿಂದಿನ ಹಾಸಿನ ಕೆಳಗೆ ಎಲ್ಲಿ ಒತ್ತು ಕಡಿಮೆಯೋ ಅಷ್ಟಕ್ಕೇ ತೆಳು ಟಿಶ್ಯೂ ಕಾಗದ ಹರಿದು ಅಂಟಿಸುವುದು, ಎಲ್ಲಿ ಹೆಚ್ಚೋ ಅಲ್ಲಿ ಕತ್ತರಿಸಿ ತೆಗೆಯುವುದು. ಇದಕ್ಕೆ ಮೇಕ್‌ರೆಡಿ ಎನ್ನುತ್ತಾರೆ. ಇನ್ನೂರು ಕಾರ್ಡು ಅಚ್ಚು ಹಾಕಲು ಅರ್ಧ ಗಂಟೆ, ಅದಕ್ಕೆ ಮೊದಲು ಮೇಕ್‌ರೆಡಿಗೆ ಎರಡು ಗಂಟೆ ಆದದ್ದುಂಟು.

ನಿಮಗೆ ಬೇಕಾದ್ದು ಒಂದು ಟಾರ್ಚು ಮತ್ತು ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಹಾಳೆಯ ಮಟ್ಟಕ್ಕೇ ಮಲಗಿಸಿ ಬೆಳಕು ಬಿಡಿ. ಕಣ್ಣಿಗೆ ಕಾಣದ ತಗ್ಗು ನೆರಳಾಗಿ ಏಳುತ್ತದೆ. ಆಮೇಲೆ ಮಸೂರದಲ್ಲಿ ಅಕ್ಷರದ ಅಂಚು ನೋಡಿ. ಮೊಳೆ ಒತ್ತಿದಾಗ ಮಸಿ ಬದಿಗೆ ಸರಿದು ಅಂಚಿನಲ್ಲಿ ಗಾಢ ಗೆರೆಯಾಗಿ ನಿಲ್ಲುತ್ತದೆ, ಒಳಭಾಗ ತುಸು ತಿಳಿಯಾಗಿರುತ್ತದೆ. ಮೊಳೆಯಿಲ್ಲದೆ, ರಬ್ಬರ್ ಹಾಸಿನಿಂದ ಕಾಗದಕ್ಕೆ ಮಸಿ ಇಳಿಸುವ ಆಫ್‌ಸೆಟ್ಟಿನಲ್ಲಿ ಮಸಿ ಚಪ್ಪಟೆಯಾಗಿ ಒಂದೇ ಸಮ ಕೂತಿರುತ್ತದೆ, ಆ ಗಾಢ ಅಂಚು ಕಾಣುವುದಿಲ್ಲ. ಇನ್ನೊಂದು ಗುರುತು ನನಗೆ ಬಹಳ ಇಷ್ಟ. ಚೌಕಟ್ಟಿನ ಗೆರೆಗಳು ಮೂಲೆಯಲ್ಲಿ ಸೇರುವ ಜಾಗ ನೋಡಿ. ಅವು ಹಿತ್ತಾಳೆಯ ಪಟ್ಟಿಗಳು, ತುದಿಯನ್ನು ಓರೆಯಾಗಿ ಕತ್ತರಿಸಿ ಕೂಡಿಸಿದ್ದು. ಎಷ್ಟೇ ಬಿಗಿ ಮಾಡಿದರೂ ಕೂದಲಿನಷ್ಟು ಬಿಳಿ ಸಂದು ಅಲ್ಲಿ ಉಳಿಯಬಹುದು. ಆ ಸಂದು ಎಷ್ಟು ಸಣ್ಣದೆಂಬುದರ ಮೇಲೆ ಪ್ರೆಸ್ಸಿನವನ ಕೈ ಎಂಥದೆಂದು ಹೇಳಬಹುದು. ರಸೀದಿಯ ನಂಬರಿನ ಮೇಲೂ ಕಣ್ಣಿಡಿ. ಅದು ಜೋಡಿಸಿ ಬಿಗಿದ ಮೊಳೆಗಳ ನಡುವೆಯೇ ಕೂರಿಸುವ ಪುಟ್ಟ ಯಂತ್ರ, ಒಂದೊಂದು ಒತ್ತಿಗೂ ಚಕ್ರ ತಿರುಗಿ ಮುಂದಿನ ಅಂಕಿ ಬರುತ್ತದೆ. ಉಳಿದದ್ದಕ್ಕಿಂತ ಅದು ಸ್ವಲ್ಪ ಗಟ್ಟಿಯಾಗಿ ಒತ್ತುತ್ತದೆ, ನುಣುಪು ಬೆನ್ನಿನಲ್ಲೂ ಅಲ್ಲೊಂದು ಕಡೆ ಬೆರಳಿಗೆ ತಾಗಬಹುದು.

ಇನ್ನು ಮತ್ತೆ ಮತ್ತೆ ಯಾಕೆ ತಿದ್ದಿದರು ಎಂಬುದು. ಇದರ ಬಗ್ಗೆ ನನಗೆ ಹೇಳುವುದು ಬಹಳವಿದೆ.

ಮತ್ತೆ ಮತ್ತೆ ಬರುವ ಕೆಲಸದ ಮೊಳೆಯನ್ನು ನಾವು ಬಿಚ್ಚುತ್ತಿರಲಿಲ್ಲ. ದಾರ ಸುತ್ತಿ, ಕಾಗದದಲ್ಲಿ ಕಟ್ಟಿ, ಮೇಲೆ ಹೆಸರು ಬರೆದು ಕಪಾಟಿನಲ್ಲಿಡುತ್ತಿದ್ದೆವು. ಗಿರಾಕಿ ಮತ್ತೆ ಬಂದಾಗ ಕಟ್ಟು ಬಿಚ್ಚಿ ಹಾಗೇ ಯಂತ್ರಕ್ಕೆ ಏರಿಸಬಹುದು. ಆದರೆ ಒಳ್ಳೆಯ ಪ್ರೆಸ್ಸಿನಲ್ಲಿ ಹಾಗೇ ಏರಿಸುತ್ತಿರಲಿಲ್ಲ. ಹಿಂದಿನ ಸಲದ ರಸೀದಿ ತುಂಬಿಸಿದ್ದು ಒಂದೆರಡು ಇದ್ದರೆ ಕೊಡಿ ಎಂದು ಗಿರಾಕಿಯನ್ನು ಕೇಳುತ್ತಿದ್ದರು. ಗುಮಾಸ್ತ ಎಲ್ಲಿ ಇಕ್ಕಟ್ಟಿನಲ್ಲಿ ಬರೆದಿದ್ದಾನೆ, ಎಲ್ಲಿ ಅವನ ಅಕ್ಷರ ಚುಕ್ಕಿಗೆರೆ ದಾಟಿ ಪಕ್ಕದ ಮಾತಿನ ಮೇಲೆ ಹತ್ತಿದೆ, ಸಹಿ ಎಲ್ಲಿ ಚೌಕಟ್ಟಿಗೆ ಮುಟ್ಟಿದೆ ಎಂದು ನೋಡಲು. ನಿಮ್ಮ "ಬಾಬ್ತು" ಸಾಲು ಕೆಳಗಿಳಿದಿದೆ ಎಂದಿರಲ್ಲ, ಅದು ಎರಡು ಪಾಯಿಂಟಿನ ಒಂದು ಲೆಡ್ಡು, ಅಂದರೆ ಸಾಲುಗಳ ನಡುವೆ ಇಡುವ ತೆಳು ಸೀಸದ ಪಟ್ಟಿ, ಸೇರಿಸಿದ ಗುರುತು ಇರಬೇಕು. 72 ಪಾಯಿಂಟ್ ಸೇರಿದರೆ ಸುಮಾರು ಒಂದು ಇಂಚು, ಲೆಕ್ಕ ಹಾಕಿ. ಮೊಳೆಯ ಎತ್ತರ 0.918 ಇಂಚು. ಲೆಡ್ಡು ಅದಕ್ಕಿಂತ ಗಿಡ್ಡ, ಹಾಗಾಗಿ ಅಚ್ಚಿನಲ್ಲಿ ಕಾಣದೆ ಜಾಗ ಮಾತ್ರ ಬಿಡುತ್ತದೆ. "ಸಹಿ" ಸಣ್ಣದಾದದ್ದು ಬರೆಯುವ ಕೈಗೆ ಜಾಗ ಬಿಟ್ಟುಕೊಡಲು.

ರಸೀದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಜಾಗ. ಆ ಜಾಗವನ್ನೇ ನಾವು ಜೋಡಿಸುತ್ತಿದ್ದದ್ದು. ಪುಸ್ತಕದ ಪುಟ ಅಚ್ಚಾದ ಮೇಲೆ ಪೂರ್ತಿಯಾಯಿತು. ರಸೀದಿ ಪೂರ್ತಿಯಾಗುವುದು ಬೇರೆ ಯಾರದೋ ಪೆನ್ನಿನಲ್ಲಿ. ಕಾಗದವನ್ನೂ ಅದಕ್ಕಾಗಿಯೇ ಆರಿಸುತ್ತಿದ್ದೆವು: ನೋಡಲು ಎಷ್ಟು ಚೆಂದವಿದ್ದರೂ ಶಾಯಿ ಹರಡುವ ಕಾಗದ ರಸೀದಿಗೆ ಬರುವುದಿಲ್ಲ. ಈ ಕೆಲಸ ಮುದ್ರಣದಷ್ಟೇ ಹಳೆಯದು. ಯುರೋಪಿನಲ್ಲಿ ಮೊಳೆಯಲ್ಲಿ ಅಚ್ಚಾಗಿ, ಇಸವಿ ಸಮೇತ ಉಳಿದಿರುವ ತೀರ ಹಳೆಯ ಹಾಳೆಗಳು 1454ರ ಪಾಪವಿಮೋಚನೆ ಪತ್ರಗಳು, ಚರ್ಚಿನ ಹೆಸರಿನಲ್ಲಿ ಭಕ್ತರಿಗೆ ಕೊಡುತ್ತಿದ್ದವು. ಹೆಸರು ಮತ್ತು ದಿನಾಂಕ ಕೈಯಲ್ಲಿ ತುಂಬಲು ಜಾಗ ಬಿಟ್ಟು ಅಚ್ಚು ಹಾಕಿದ ಫಾರಂಗಳೇ ಅವು. ಅದನ್ನು ಮೊದಲ ಸಲ ತಿಳಿದಾಗ, ನಾನು ಜೋಡಿಸಿದ ಚುಕ್ಕಿಗೆರೆಗಳೆಲ್ಲ ಕಣ್ಣಮುಂದೆ ಬಂದವು.

ಕ್ರಮ ಹಚ್ಚಲು ದಾರಿ ಇದೆ. ಏಟು ಬಿದ್ದ ಮೊಳೆಯನ್ನು ಹುಡುಕಿ. ಸೀಸಕ್ಕೆ ಆಂಟಿಮನಿ, ತವರ ಬೆರೆಸಿ ಗಟ್ಟಿ ಮಾಡಿರುತ್ತಾರೆ ನಿಜ, ಆದರೂ ಅದು ಮೆದು ಲೋಹವೇ. ಹೂವಿನ ಎಸಳು, ಅಕ್ಷರದ ತಲೆಕಟ್ಟಿನ ತುದಿ, ಗೆರೆಯ ಕೊನೆ ಇವು ಮೊದಲು ಮುರಿಯುತ್ತವೆ. ಮುರಿದದ್ದು ಮತ್ತೆ ಕೂಡುವುದಿಲ್ಲ. ಮುರಿತ ಇಲ್ಲದ ಪ್ರತಿ ಮೊದಲಿನದು, ಚಿಕ್ಕ ಮುರಿತದ್ದು ಆಮೇಲಿನದು, ದೊಡ್ಡದರದ್ದು ಅದಕ್ಕೂ ಆಮೇಲಿನದು. ಒಂದು ಎಚ್ಚರಿಕೆ: ಮೊಳೆಯ ಮೇಲೆ ಕಾಗದದ ನಾರು ಕೂತಿದ್ದರೂ ಬಿಳಿ ಚುಕ್ಕೆ ಬೀಳುತ್ತದೆ. ಅದು ಮುಂದಿನ ತೊಳೆತಕ್ಕೆ ಹೋಗುವಂಥದ್ದು. ಒಂದಕ್ಕಿಂತ ಹೆಚ್ಚು ಪ್ರತಿಯಲ್ಲಿ ಅದೇ ಜಾಗದಲ್ಲಿ ಅದೇ ಆಕಾರ ಇದ್ದರೆ ಮಾತ್ರ ಮುರಿತವೆಂದು ನಂಬಿ.

ತುಳಿಯಂತ್ರ:

ಹಿರಿಯರ ಮಾತಿಗೆ ಒಂದೇ ಒಂದು ತಿದ್ದುಪಡಿ. ನಾನು ಆರು ವರ್ಷದಿಂದ ಕಾಲಿನಲ್ಲಿ ತುಳಿಯುವ ಟ್ರೆಡಲ್ ಯಂತ್ರದಲ್ಲಿ ಕಾರ್ಡು, ಹೆಸರಿನ ಚೀಟಿ ಮಾಡುತ್ತಿದ್ದೇನೆ. ಆಳವಾಗಿ ಒತ್ತುವುದನ್ನು ತಪ್ಪೆಂದು ಹೇಳಬೇಡಿ ಸರ್. 600 ಜಿಎಸ್‌ಎಮ್ಮಿನ (ಚದರ ಮೀಟರಿಗೆ 600 ಗ್ರಾಂ ತೂಗುವ) ದಪ್ಪ ಹತ್ತಿ ಕಾಗದ ಮೆತ್ತಗಿರುತ್ತದೆ, ಅಷ್ಟು ಒತ್ತಿದರೂ ಬೆನ್ನಿಗೆ ಏನೂ ಮೂಡುವುದಿಲ್ಲ. ನಾನು ಬಳಸುವುದು ಸೀಸದ ಮೊಳೆಯಲ್ಲ, ಅಕ್ಷರ ಉಬ್ಬಿಸಿದ ಪ್ಲಾಸ್ಟಿಕ್ಕಿನಂಥ ಫೋಟೋಪಾಲಿಮರ್ ಪ್ಲೇಟು. ಸವೆದರೆ ಇನ್ನೊಂದು ಮಾಡಿಸಬಹುದು. ಕಾರ್ಡು ಹಿಡಿದವರು ಮಾತು ನಿಲ್ಲಿಸಿ ಅಕ್ಷರದ ತಗ್ಗನ್ನು ಬೆರಳಲ್ಲಿ ಓದುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ಕ್ಷಣಕ್ಕಾಗಿ ಈ ಕೆಲಸ ಮಾಡುತ್ತೇನೆ.

ಹಳೇಕಾಗದ ಅವರಿಗೆ: ಒಂದೇ ಬಣ್ಣ ಎಂದುಕೊಂಡ ಲೇಬಲ್ಲುಗಳನ್ನೂ ಮಸೂರದಲ್ಲಿ ನೋಡಿ. ಎರಡು ಬಣ್ಣವಿದ್ದರೆ ಹಾಳೆ ಯಂತ್ರಕ್ಕೆ ಎರಡು ಸಲ ಹೋಗಿದೆ. ಎರಡನೆಯ ಸಲ ಅದೇ ಜಾಗಕ್ಕೆ ಕೂರಿಸುವುದು ಕಷ್ಟದ ಕೆಲಸ, ಅಲ್ಲಿ ಕೈಚಳಕ ಗೊತ್ತಾಗುತ್ತದೆ.

ಕಂಪೋಸಿಂಗ್ ಸ್ಟಿಕ್:

ಹತ್ತಿ ಕಾಗದ, ಪಾಲಿಮರ್ ಪ್ಲೇಟಿನ ಬಗ್ಗೆ ನೀವು ಹೇಳಿದ್ದು ಸರಿ, ಒಪ್ಪಿದೆ. ನಾನು ಹೇಳಿದ್ದು ಸೀಸದ ಮೊಳೆಯ ಮಾತು. ಹಾಗೆ ಒತ್ತಿದರೆ ಮೊಳೆಯ ಮುಖ ಬೇಗ ಸವೆಯುತ್ತದೆ, ಮುಂದಿನವನಿಗೆ ಜೋಡಿಸಲು ಮೊಳೆ ಉಳಿಯುವುದಿಲ್ಲ. ನಮಗೆ ಒಂದು ಕೇಸು ಮೊಳೆ ಎಷ್ಟೋ ವರ್ಷ ಬಾಳಬೇಕಿತ್ತು.

ಕಡತಕೋಣೆ:

ಕಾಗದ ಸಂರಕ್ಷಣೆ ನನ್ನ ವೃತ್ತಿ, ಕಾಪಿಡುವ ವಿಷಯ ಹೇಳುತ್ತೇನೆ. ಪೆಟ್ಟಿಗೆಯಲ್ಲಿ ಈಗಿರುವ ಅನುಕ್ರಮವನ್ನು ಕೆದಕುವ ಮೊದಲು ಮೇಲಿನಿಂದ ಕೆಳಗಿನವರೆಗೆ ಫೋಟೋ ತೆಗೆದು ಪಟ್ಟಿ ಮಾಡಿ. ಯಾವುದರ ಪಕ್ಕ ಯಾವುದಿತ್ತು ಎಂಬುದೂ ಒಂದು ಸುಳಿವು, ಕಲಸಿದರೆ ಮತ್ತೆ ಸಿಗದು. ಗುರುತು ಹಾಕುವುದಿದ್ದರೆ ಮೆದು ಪೆನ್ಸಿಲಿನಲ್ಲಿ, ಬೆನ್ನಿನ ಮೂಲೆಯಲ್ಲಿ, ಗಟ್ಟಿ ನೆಲದ ಮೇಲಿಟ್ಟು, ಒತ್ತದೆ. ರಬ್ಬರ್ ಬ್ಯಾಂಡು, ತುಕ್ಕು ಹಿಡಿದ ಪಿನ್ನು ತೆಗೆಯಿರಿ. ಅಂಟುಟೇಪು, ಲ್ಯಾಮಿನೇಷನ್, ಅಂಟುಹಾಳೆಯ ಫೋಟೋ ಆಲ್ಬಮ್ಮು ಯಾವುದೂ ಬೇಡ. ಪಾಲಿಯೆಸ್ಟರ್ ಲಕೋಟೆ ಒಳ್ಳೆಯದು, ಪಿವಿಸಿ ಲಕೋಟೆ ಕಾಲ ಕಳೆದಂತೆ ಕಾಗದವನ್ನೂ ಮಸಿಯನ್ನೂ ಕೆಡಿಸುತ್ತದೆ. ಅಗ್ಗದ ಮರತಿರುಳಿನ ಕಾಗದದ್ದನ್ನು ಹತ್ತಿ ಕಾಗದದ್ದರ ಜೊತೆ ಇಡಬೇಡಿ, ಅದರ ಆಮ್ಲ ಪಕ್ಕದ ಹಾಳೆಗೂ ಹತ್ತುತ್ತದೆ.

ಯಾರೂ ಕೇಳದ ಪೆಟ್ಟಿಗೆ ಎಂದಿರಿ, ಅದಕ್ಕಾಗಿ ಇದನ್ನೂ ಹೇಳುತ್ತೇನೆ. 1925ರಿಂದ 1946ರವರೆಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಕರಾಗಿದ್ದ ಜಾನ್ ಜಾನ್ಸನ್ ಇಂಥ ಬಿಡಿ ಕಾಗದಗಳನ್ನೇ ಕೂಡಿಹಾಕಿದರು. ಅವರ ಸಂಗ್ರಹ ಈಗ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಅದೇ ಗ್ರಂಥಾಲಯದಲ್ಲಿ ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ 1477ರ ಸುಮಾರಿಗೆ ಅಚ್ಚು ಹಾಕಿದ ಜಾಹೀರಾತು ಚೀಟಿಯೂ ಇದೆ. ಅಂಗೈಯಗಲದ್ದು. ಅದರ ಕೊನೆಯಲ್ಲಿ, ಈ ಚೀಟಿಯನ್ನು ದಯವಿಟ್ಟು ಇದ್ದಲ್ಲೇ ಬಿಡಿ ಎಂದು ಲ್ಯಾಟಿನ್ನಿನಲ್ಲಿ ಕೇಳಿಕೊಂಡಿದ್ದಾನೆ. ಉಳಿದಿರುವುದು ಎರಡೇ ಪ್ರತಿ.

ಹಳೇಕಾಗದ:

ಎಲ್ಲರಿಗೂ ವಂದನೆ. ನಾಲ್ಕು ರಾತ್ರಿ ಟಾರ್ಚು, ಮಸೂರ ಹಿಡಿದು ಕೂತೆ. ಮೊದಲು ಫೋಟೋ, ಪಟ್ಟಿ ಮುಗಿಸಿದೆ.

ಮಸಿಯ ಗಾಢ ಅಂಚು ಕಂಡಿತು. ಚೌಕಟ್ಟಿನ ಮೂಲೆಯ ಬಿಳಿ ಸಂದು ಅಂಚಿನ ಒಳಗೆರೆಯಲ್ಲಿ ಒಂದೇ ಕಡೆ ಸಿಕ್ಕಿತು, ಉಳಿದ ಮೂರು ಮೂಲೆಯಲ್ಲಿ ಮಸೂರಕ್ಕೂ ಸಿಗಲಿಲ್ಲ. ಅಂಥ ಕೈ ಅದು. ನಂಬರಿನ ಹಿಂದೆ ಬೆರಳಿಗೆ ಉಬ್ಬು ತಾಗಿತು.

ಮುರಿತ ಇದ್ದದ್ದು ಎಡ ಕೆಳಮೂಲೆಯ ಹೂವಿನಲ್ಲಿ. "ಅ" ಪ್ರತಿಯಲ್ಲಿ ಐದೆಸಳೂ ಪೂರ್ತಿ. "ಇ"ಯಲ್ಲಿ ಒಳಗಿನ ಎಸಳಿನ ತುದಿ ಸಾಸಿವೆಯ ಕಾಲುಭಾಗದಷ್ಟು ಹೋಗಿದೆ. "ಆ"ದಲ್ಲಿ ಅರ್ಧ ಎಸಳೇ ಇಲ್ಲ. "ಈ"ಯಲ್ಲಿ ಎಡಮೂಲೆ ಮತ್ತೆ ಸರಿಯಾಗಿದೆ! ಅದನ್ನು ನೋಡಿ ಇದು ಮೊದಲಿನದೋ, ಹೊಸ ಹೂವು ಹಾಕಿದ್ದೋ ಎಂದು ಎರಡು ದಿನ ಗೊಂದಲದಲ್ಲಿದ್ದೆ. ನಿನ್ನೆ ರಾತ್ರಿ ಬಲ ಮೇಲ್ಮೂಲೆಯಲ್ಲಿ ಅದೇ ಅರ್ಧ ಎಸಳಿನ ಹೂವು ತಲೆಕೆಳಗಾಗಿ ಕೂತಿರುವುದು ಕಂಡಿತು. ಅಂದರೆ ಕಟ್ಟು ಪೂರ್ತಿ ಬಿಚ್ಚಿ, ಮತ್ತೆ ಜೋಡಿಸುವಾಗ ಹೂವು ಬೇರೆ ಮೂಲೆಗೆ ಹೋಗಿದೆ. ಹಾಗಾಗಿ ಕ್ರಮ ಅ, ಇ, ಆ, ಈ ಎಂದು ಬರೆದಿಟ್ಟಿದ್ದೇನೆ. ಈ ಕ್ರಮದಲ್ಲಿಟ್ಟು ನೋಡಿದರೆ "ಬಾಬ್ತು" ಸಾಲಿನ ಜಾಗ ಎರಡನೆಯದರಲ್ಲಿ ಹೆಚ್ಚಿದೆ, "ಸಹಿ" ಮೂರನೆಯದರಲ್ಲಿ ಸಣ್ಣದಾಗಿದೆ, ಚುಕ್ಕಿಗೆರೆ ನಾಲ್ಕನೆಯದರಲ್ಲಿ ಗಿಡ್ಡವಾಗಿದೆ. ಒಂದು ಸಲಕ್ಕೆ ಒಂದೇ ತಿದ್ದು. ಸ್ಟಿಕ್ ಸರ್, ಗಿಡ್ಡ ಚುಕ್ಕಿಗೆರೆ ಯಾಕೆಂದು ಊಹಿಸಬಲ್ಲಿರಾ?

ಕಂಪೋಸಿಂಗ್ ಸ್ಟಿಕ್:

ಗೆರೆಯ ಕೊನೆಗೂ ಚೌಕಟ್ಟಿಗೂ ನಡುವೆ ಈಗ ಎಷ್ಟು ಜಾಗವಿದೆ ನೋಡಿ. ರಂಧ್ರಗೆರೆ ಆ ಪಕ್ಕದಲ್ಲೇ ಇದ್ದರೆ, ರಸೀದಿ ಹರಿಯುವಾಗ ಮೊತ್ತದ ಕೊನೆಯ ಅಂಕಿ ಅಡಿಹಾಳೆಯಲ್ಲೇ ಉಳಿಯುತ್ತಿದ್ದಿರಬಹುದು. ಗೆರೆ ಗಿಡ್ಡ ಮಾಡಿದರೆ ಬರೆಯುವವನು ಮೊದಲೇ ನಿಲ್ಲಿಸುತ್ತಾನೆ.

ಹಳೇಕಾಗದ:

ರಂಧ್ರಗೆರೆ ಆ ಪಕ್ಕದಲ್ಲೇ ಇದೆ ಸರ್. ಇನ್ನೊಂದು ಸುದ್ದಿ: ಬಾಗಿಲಿನ "ಮುಚ್ಚಿದೆ" ರಟ್ಟಿನ ಮೂಲೆಯಲ್ಲೂ ಅದೇ ಹೂವು, ಅದೇ ಅರ್ಧ ಎಸಳು. ಹಾಗಾದರೆ ಅದು "ಇ" ರಸೀದಿಗಿಂತ ಆಮೇಲಿನದು. ಈಗ ಲೇಬಲ್ಲುಗಳಲ್ಲಿ ಆ ಹೂವನ್ನು ಹುಡುಕುತ್ತಿದ್ದೇನೆ. 31 ನೋಡಿ ಆಗಿವೆ.