72ರ ಡಾಟ್ಸನ್ 240ಝಡ್: ಪೂರ್ತಿ ಬಿಚ್ಚಲೋ, ಮೊದಲು ಇಂಜಿನ್ ಎಬ್ಬಿಸಲೋ?

ಹಳೇಝಡ್:
ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಈಗ ಇರುವುದು ಒಹಾಯೋದ ಕೊಲಂಬಸ್‌ನಲ್ಲಿ. ಹೋದ ತಿಂಗಳು 1972ರ ಡಾಟ್ಸನ್ 240ಝಡ್ ಅನ್ನೋ ಜಪಾನಿನ ಸ್ಪೋರ್ಟ್ಸ್ ಕಾರು ತಗೊಂಡೆ. ನಮ್ಮ ಬೀದಿಯ ಹಿರಿಯರೊಬ್ಬರ ಶೆಡ್ಡಿನಲ್ಲಿ 14 ವರ್ಷ ಟಾರ್ಪಾಲು ಹೊದ್ದು ನಿಂತಿತ್ತು. ಎಲ್24 ಇಂಜಿನ್, 2.4 ಲೀಟರ್, ಸಾಲಾಗಿ ಆರು ಸಿಲಿಂಡರ್, ನಾಲ್ಕು ಗೇರು. ಕಾರಿನ ಜೊತೆಗೇ ಬಂದ ಎರಡು ಹಿಟಾಚಿ ಎಸ್‌ಯು ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಇನ್ನೂ ಹಾಗೇ ಇವೆ, ಅದನ್ನು ನೋಡಿಯೇ ನಾನು ಸೋತಿದ್ದು.

ಈಗ ಗೊಂದಲ. ಒಬ್ಬ ಗೆಳೆಯ ಪೂರ್ತಿ ಬಿಚ್ಚಿ ಬರೀ ಬಾಡಿ ಮಾಡಿಕೋ, ಆಮೇಲೆ ಒಂದೊಂದೇ ಹೊಸದಾಗಿ ಕೂರಿಸು ಅಂತಾನೆ. ಇನ್ನೊಬ್ಬ ಮೊದಲು ಸ್ಟಾರ್ಟ್ ಮಾಡು, ಉಳಿದದ್ದು ಆಮೇಲೆ ಅಂತಾನೆ. ನನಗೆ ಸಿಗುವುದು ಶನಿವಾರ, ಭಾನುವಾರ ಮಾತ್ರ. ಗ್ಯಾರೇಜಿನಲ್ಲಿ ಒಂದು ಕಾರು ನಿಂತರೆ ಪಕ್ಕದಲ್ಲಿ ನಡೆದಾಡಲು ಜಾಗ, ಅಷ್ಟೇ. ಸ್ಕೂಟರ್ ಇಂಜಿನ್ ಬಿಚ್ಚಿ ಜೋಡಿಸಿದ ಅನುಭವ ಇದೆ, ವೆಲ್ಡಿಂಗ್ ಮಾಡಿಲ್ಲ, ಕಲಿಯಲು ರೆಡಿ. ಎಲ್ಲಿಂದ ಶುರು ಮಾಡಲಿ?

ಗ್ರೀಸ್‌ಕೈ:
ಅಭಿನಂದನೆ ಗುರು, ಒಳ್ಳೇ ವರ್ಷದ್ದು ಸಿಕ್ಕಿದೆ. 73ರಲ್ಲಿ ಬಂದ ಚಪ್ಪಟೆ ತಲೆಯ ಕಾರ್ಬುರೇಟರ್ ಎಷ್ಟೋ ಜನ ತೆಗೆದು ನಿಮ್ಮ ಥರದ ಗುಂಡು ತಲೆಯದ್ದನ್ನೇ ಹಾಕಿಸಿಕೊಂಡರು.

ಪೂರ್ತಿ ಬಿಚ್ಚಬೇಡಿ. ದಯವಿಟ್ಟು. ನಾನು ಕ್ಯಾಲಿಫೋರ್ನಿಯಾದಲ್ಲಿ ಎರಡು ಝಡ್ ತಗೊಂಡೆ, ಎರಡೂ ಬೇರೆ ಯಾರೋ ಬಿಚ್ಚಿ ಡಬ್ಬಗಳಲ್ಲಿ ತುಂಬಿ, ಜೋಡಿಸಲಾಗದೆ ಮಾರಿದ ಕಾರುಗಳು, ಯಾವ ಬೋಲ್ಟು ಎಲ್ಲಿಯದು ಅಂತ ಹುಡುಕುವುದರಲ್ಲೇ ನನಗೆ ಒಂದು ವರ್ಷ ಹೋಯಿತು. ವಾರಕ್ಕೆ ಎರಡೇ ದಿನ ಸಿಗುವವರು ಒಂದು ಸಲಕ್ಕೆ ಒಂದೇ ಕೆಲಸ ಹಿಡಿಯಬೇಕು. ಕಾರು ಯಾವಾಗಲೂ ನಾಲ್ಕು ಚಕ್ರದ ಮೇಲೆ ತಳ್ಳುವ ಹಾಗೆ ಇರಲಿ.

ಆದರೆ ಇಂಜಿನ್ನಿಗೂ ಮುಂಚೆ ತುಕ್ಕು ನೋಡಿ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಎಲ್ಲ ಭಾರ ಹೊರುವುದು. ಇಂಜಿನ್ ಹಾಳಾದರೆ ಇನ್ನೊಂದು ಹುಡುಕಬಹುದು, ಬಾಡಿ ಹೋದರೆ ಕಾರೇ ಹೋದಂತೆ. ಒಹಾಯೋದಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ ಬೇರೆ. ಒಂದು ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚು ಹಿಡಿದು ಒಂದು ಇಡೀ ದಿನ ಕೂರಿ. ಮೊದಲು ಬ್ಯಾಟರಿ ಕೂರುವ ತಟ್ಟೆ. ಆಸಿಡ್ ಚೆಲ್ಲಿ ಚೆಲ್ಲಿ ತಟ್ಟೆಯಷ್ಟೇ ಅಲ್ಲ, ಅದರ ಕೆಳಗಿನ ರೈಲು (ಬಾಡಿಯ ಉದ್ದಕ್ಕೂ ಹೋಗುವ ತಗಡಿನ ತೊಲೆ), ಹಿಂದಿನ ಗೋಡೆ ಎಲ್ಲ ತಿಂದು ಹಾಕಿರುತ್ತದೆ. ಆಮೇಲೆ ವೈಪರಿನ ಕೆಳಗಿನ ಗೂಡು. ಅಲ್ಲಿ ಎಲೆ ತುಂಬಿದರೆ ನೀರು ಇಳಿಯದೆ ಒಳಗೇ ನಿಲ್ಲುತ್ತದೆ. ಕಾರ್ಪೆಟ್ ಕಿತ್ತು, ಅದರ ಕೆಳಗಿನ ಟಾರಿನ ಹಾಳೆ ಎಬ್ಬಿಸಿ ನೆಲ ನೋಡಿ, ಹಾಳೆ ಮೇಲಿನಿಂದ ಚೆನ್ನಾಗಿ ಕಂಡರೂ ಕೆಳಗೆ ಕಬ್ಬಿಣ ಬಿಸ್ಕತ್ತಿನ ಹಾಗೆ ಆಗಿರುವುದು ನಾನು ಕಂಡಿದ್ದೇನೆ. ಹಿಂದಿನ ಚಕ್ರದ ಮುಂದೆ, ಬಾಗಿಲ ಕೆಳಗಿನ ಮೂಲೆಗೂ ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಬಣ್ಣದ ಕೆಳಗೆ ಪುಟ್ಟಿ ಇದೆ ಅಂತ ಅರ್ಥ.

ನೆಲದ ಕೆಳಗಿನ ರೈಲು ತೆಳು ತಗಡು, ಅಲ್ಲಿಗೆ ಜಾಕ್ ಕೊಟ್ಟರೆ ಒಳಗೆ ಹೋಗುತ್ತದೆ. ಮುಂದೆ ಕ್ರಾಸ್ ಮೆಂಬರಿಗೆ, ಹಿಂದೆ ಡಿಫರೆನ್ಷಿಯಲ್ಲಿಗೆ ಜಾಕ್ ಕೊಡಿ, ಸ್ಟ್ಯಾಂಡ್ ಇಡದೆ ಕೆಳಗೆ ತಲೆ ಹಾಕಬೇಡಿ. ನೆಲ ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಅಡ್ಡ ಪೈಪು ವೆಲ್ಡ್ ಮಾಡಿ, ಇಲ್ಲದಿದ್ದರೆ ಬಾಡಿ ಒಂದು ಚೂರು ಬಗ್ಗಿದರೂ ಆಮೇಲೆ ಬಾಗಿಲು ಕೂರುವುದಿಲ್ಲ. ವೆಲ್ಡಿಂಗನ್ನು ಬೇರೆ ತಗಡಿನ ಮೇಲೆ ಕಲಿತು ಆಮೇಲೆ ಕಾರಿಗೆ ಬನ್ನಿ.

ಮಿಶಿಗನ್_ಮಂಜು:
ತುಕ್ಕಿನ ವಿಷಯ ಒಪ್ಪಿದೆ. ಆದರೆ ತುಕ್ಕು ನೋಡುವುದು ಬೇರೆ, ಸರಿ ಮಾಡುವುದು ಬೇರೆ. ನೋಡಿ, ಫೋಟೋ ತೆಗೆದು, ಬರೆದಿಡಿ. ಆಮೇಲೆ ಇಂಜಿನ್ ತಿರುಗಿಸಿ. ಅದು ಉಸಿರಾಡುವುದನ್ನು ಒಮ್ಮೆ ಕೇಳಿದರೆ ಇಡೀ ಚಳಿಗಾಲ ನೆಲಕ್ಕೆ ತೇಪೆ ಹಾಕುವ ಮನಸ್ಸು ಬರುತ್ತದೆ, ನನಗಂತೂ ಹಾಗೇ ಆಯಿತು.

ಕೀ ತಿರುಗಿಸಲೇಬೇಡಿ ಮಾತ್ರ. ಆರೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಆಯಿಲ್ ಬಿಟ್ಟು ಎರಡು ದಿನ ಬಿಡಿ. ಮುಂದಿನ ಪುಲ್ಲಿಯ ಬೋಲ್ಟಿಗೆ 27 ಮಿ.ಮೀ. ಸಾಕೆಟ್ ಹಾಕಿ ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಸಲೀಸಾಗಿ ತಿರುಗಿದರೆ ಆಯಿಲ್, ಫಿಲ್ಟರ್ ಬದಲಿಸಿ. ಈ ಹಳೇ ಕ್ಯಾಮಿಗೆ (ವಾಲ್ವ್ ತೆರೆಯುವ ದಂಡ) ಸತುವಿನ ಅಂಶ ಜಾಸ್ತಿ ಇರುವ ಆಯಿಲ್ ಹಾಕಿ, ಈಗಿನ ಕಾರುಗಳ ಆಯಿಲ್‌ನಲ್ಲಿ ಅದು ಕಡಿಮೆ. ವಾಲ್ವ್ ಗ್ಯಾಪು ಇಂಜಿನ್ ತಣ್ಣಗಿದ್ದಾಗ ಇನ್‌ಟೇಕಿಗೆ 0.20, ಎಕ್ಸಾಸ್ಟಿಗೆ 0.25 ಮಿ.ಮೀ. ಬಿಸಿಯಾದ ಮೇಲೆ 0.25, 0.30. ಆಮೇಲೆ ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರಿನ ಒತ್ತಡ, ಅಳೆಯಿರಿ. ಆರರಲ್ಲೂ ಹೆಚ್ಚುಕಡಿಮೆ ಒಂದೇ ಬಂದರೆ ಇಂಜಿನ್ ಇಳಿಸುವ ಯೋಚನೆಯನ್ನೇ ಬಿಡಿ.

ಟ್ಯಾಂಕಿನ ಪೆಟ್ರೋಲ್ ಈಗ ವಾರ್ನಿಷ್ ಆಗಿರುತ್ತದೆ, ಅದನ್ನು ಕಾರ್ಬುರೇಟರಿಗೆ ಹೋಗಲು ಬಿಡಬೇಡಿ. ಪಂಪಿನ ಪೈಪನ್ನು ಬೇರೆ ಕ್ಯಾನಿಗೆ ಕೊಟ್ಟು ಸ್ಟಾರ್ಟ್ ಮಾಡಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡೇ.

ಒಂದು ಎಚ್ಚರಿಕೆ. ಮುಂದೆ ಯಾವಾಗಲಾದರೂ ಹೆಡ್ ಬಿಚ್ಚಿದರೆ, ಟೈಮಿಂಗ್ ಚೈನಿನ ನಡುವೆ ಮರದ ಬೆಣೆ ಬಡಿದು ಆಮೇಲೆ ಕ್ಯಾಮ್ ಸ್ಪ್ರಾಕೆಟ್ ತೆಗೆಯಿರಿ. ನಾನು ಬೆಣೆ ಇಲ್ಲದೆ ತೆಗೆದೆ. ಒಳಗೆ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಹೊರಕ್ಕೆ ಹಾರಿತು, ಅದನ್ನು ಕೂರಿಸಲು ಮುಂದಿನ ಕವರ್ ಪೂರ್ತಿ ಇಳಿಸಬೇಕಾಯಿತು. ಹತ್ತು ನಿಮಿಷದ ಕೆಲಸಕ್ಕೆ ಮೂರು ವಾರ.

ಸ್ಟಾರ್ಟ್ ಆಯಿತು ಅಂತ ಬೀದಿಗೆ ಇಳಿಸಬೇಡಿ. 14 ವರ್ಷ ನಿಂತ ಬ್ರೇಕು ನಂಬುವ ಹಾಗಿಲ್ಲ. ಮಾಸ್ಟರ್ ಸಿಲಿಂಡರ್, ರಬ್ಬರ್ ಹೋಸುಗಳು, ಹಿಂದಿನ ಡ್ರಮ್ಮಿನ ವೀಲ್ ಸಿಲಿಂಡರ್ ಎಲ್ಲ ಹೊಸದು ಹಾಕಿ.

ಅಂಬಾಸಿಡರ್_ಮನೆ:
ನಾನು ಮೈಸೂರಿನವನು, ಝಡ್ ಕಣ್ಣಾರೆ ನೋಡಿಲ್ಲ. ಆದರೆ ನಮ್ಮ ತಂದೆಯ ಗ್ಯಾರೇಜಿನಲ್ಲಿ ಅಂಬಾಸಿಡರ್‌ಗಳ ಎಸ್‌ಯು ಕಾರ್ಬುರೇಟರ್ ಬಿಚ್ಚುತ್ತಲೇ ಬೆಳೆದೆ. ಹಿಟಾಚಿಯದ್ದೂ ಅದೇ ತತ್ವ, ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕಾರ್ಬುರೇಟರ್ ಕೆಟ್ಟಿದೆ ಅಂತ ಹೊಸದು ಹುಡುಕಬೇಡಿ ಸರ್. ಅದರಲ್ಲಿ ಕೆಡುವುದೇ ಕಡಿಮೆ. ಮೇಲಿನ ಗುಂಡು ಬಿಚ್ಚಿ ಪಿಸ್ಟನ್ ಒರೆಸಿ, ಉಪ್ಪುಕಾಗದ ಮಾತ್ರ ಮುಟ್ಟಿಸಬೇಡಿ. ವಾಪಸ್ ಕೂರಿಸಿ, ಬೆರಳಲ್ಲಿ ಪಿಸ್ಟನ್ ಎತ್ತಿ ಬಿಟ್ಟರೆ ಟಕ್ ಅಂತ ಸದ್ದು ಮಾಡಿ ಬೀಳಬೇಕು. ಸದ್ದು ಬರಲಿಲ್ಲ ಅಂದರೆ ಪಿಸ್ಟನ್ನಿನ ಸೂಜಿ ಜೆಟ್ಟಿಗೆ (ಪೆಟ್ರೋಲ್ ಬರುವ ತೂತು) ತಾಗುತ್ತಿದೆ ಅಂತ. ಎರಡರ ಗುಂಡು, ಪಿಸ್ಟನ್ ಅದಲುಬದಲು ಮಾಡಬೇಡಿ, ಅವು ಜೋಡಿ. ಮೇಲಿನ ಡ್ಯಾಂಪರಿಗೆ 20 ನಂಬರಿನ ಆಯಿಲ್. ಕೆಳಗಿನ ಮಿಕ್ಸ್ಚರ್ ನಟ್ಟನ್ನು ಪೂರ್ತಿ ಮೇಲೆ ತಿರುಗಿಸಿ, ಅಲ್ಲಿಂದ ಎರಡೂವರೆ ಸುತ್ತು ಕೆಳಕ್ಕೆ. ಶುರುವಿಗೆ ಅಷ್ಟು ಸಾಕು.

ಎರಡನ್ನೂ ಸಮ ಮಾಡಲು ಮೀಟರ್ ಸಿಗುತ್ತದೆ. ನಮ್ಮ ತಂದೆ ಎರಡು ಕಾರ್ಬುರೇಟರಿನ ಗಾಡಿ ಬಂದಾಗ ಮಾಡುತ್ತಿದ್ದದ್ದು ಇಷ್ಟೇ: ಒಂದು ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿ ಹತ್ತಿರ. ಗಾಳಿ ಎಳೆಯುವ ಸದ್ದು ಎರಡರಲ್ಲೂ ಒಂದೇ ಥರ ಆಗುವವರೆಗೆ ಸ್ಕ್ರೂ ತಿರುಗಿಸುವುದು. ಮೀಟರ್ ತಂದರೂ ಇದನ್ನೊಮ್ಮೆ ಮಾಡಿ ನೋಡಿ.

ಗ್ರೀಸ್‌ಕೈ:
ಈ ಪೈಪಿನ ಉಪಾಯ ಚೆನ್ನಾಗಿದೆ, ಈ ವಾರವೇ ನೋಡುತ್ತೇನೆ. ಇನ್ನೊಂದು ಸೇರಿಸುತ್ತೇನೆ. ಈ ಇಂಜಿನ್‌ನಲ್ಲಿ ಇನ್‌ಟೇಕು, ಎಕ್ಸಾಸ್ಟು ಎರಡೂ ಒಂದೇ ಬದಿಗೆ. ಅಂದರೆ ಕಾರ್ಬುರೇಟರ್ ಕಾದ ಪೈಪಿನ ಮೇಲೇ ಕೂತಿದೆ. ಬೇಸಿಗೆಯಲ್ಲಿ ಓಡಿಸಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಹತ್ತುವುದಿಲ್ಲ, ಪೆಟ್ರೋಲ್ ಅಲ್ಲೇ ಕುದಿದಿರುತ್ತದೆ. ನಡುವೆ ಶಾಖ ತಡೆಯುವ ತಗಡು ಇದೆಯಾ ನೋಡಿ, ಎಷ್ಟೋ ಜನ ಸುಮ್ನೆ ತೆಗೆದು ಎಸೆದಿರುತ್ತಾರೆ.

ಹಳೇಝಡ್:
ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಆಯಿತು, ಹೇಳಿದ್ದನ್ನೆಲ್ಲ ಸಾಲಾಗಿ ಮಾಡಿದೆ.

ಇಂಜಿನ್ ಕೈಯಲ್ಲಿ ತಿರುಗಿತು! ಕಂಪ್ರೆಷನ್ ಐದು ಸಿಲಿಂಡರುಗಳಲ್ಲಿ 160ರಿಂದ 165 ಪಿಎಸ್‌ಐ, ಆರನೆಯದರಲ್ಲಿ 150. ವಾಲ್ವ್ ನೋಡಿದರೆ ಆ ಆರನೆಯದರ ಎಕ್ಸಾಸ್ಟ್ ಗ್ಯಾಪು ಇರಲೇ ಇಲ್ಲ. ಸರಿ ಮಾಡಿ ಮತ್ತೆ ನೋಡಿದೆ, 160. ನೆಲ ಎಡಗಡೆ ಗಟ್ಟಿ ಇದೆ, ಬಲಗಡೆ ಅಂಗೈ ಅಗಲ ತೂತು, ಬ್ಯಾಟರಿ ತಟ್ಟೆ ಪೂರ್ತಿ ಹೋಗಿದೆ, ಆದರೆ ಕೆಳಗಿನ ರೈಲಿಗೆ ಸ್ಕ್ರೂಡ್ರೈವರ್ ಇಳಿಯಲಿಲ್ಲ. ಶಾಖ ತಡೆಯುವ ತಗಡೂ ಇದೆ, ಗ್ರೀಸ್‌ಕೈ.

ಎರಡರಲ್ಲಿ ಹಿಂದುಗಡೆಯ ಕಾರ್ಬುರೇಟರ್ ಟಕ್ ಅನ್ನಲಿಲ್ಲ. ಬಿಚ್ಚಿ, ಜೆಟ್ ನಡುವಿಗೆ ತಂದು ಕೂರಿಸಿದೆ, ಈಗ ಅನ್ನುತ್ತದೆ. ನಿನ್ನೆ ಸಂಜೆ ಕ್ಯಾನಿನ ಪೆಟ್ರೋಲಿನಲ್ಲಿ ನಾಲ್ಕನೇ ಸಲಕ್ಕೆ ಹತ್ತಿಕೊಂಡಿತು. ಮಗಳು ಪೈಪಿನ ತುದಿ ಕಿವಿಗೆ ಇಟ್ಟುಕೊಂಡು ಹಿಂದಿನದು ಜಾಸ್ತಿ ಎಳೆಯುತ್ತಿದೆ ಅಂದಳು, ಅವಳು ಹೇಳಿದ ಕಡೆಗೇ ಸ್ಕ್ರೂ ತಿರುಗಿಸಿದೆ. ಬ್ರೇಕಿನ ಸಾಮಾನು ಗುರುವಾರ ಬರುತ್ತದೆ.