ಹೂಜಿ ಗಿಡದ ಹೂಜಿಗಳು ಒಣಗುತ್ತಿವೆ, ಮನೆಯೊಳಗೆ ಬೆಳೆಸಿದವರು ದಯವಿಟ್ಟು ಹೇಳಿ

ಬೆಂಗಳೂರಿನ ವಿಜಯನಗರದಿಂದ ಕೇಳುತ್ತಿದ್ದೇನೆ. ಮೂರು ವಾರದ ಹಿಂದೆ ನರ್ಸರಿಯಿಂದ ತೂಗುಕುಂಡದ ಪಿಚರ್ ಪ್ಲಾಂಟ್ ತಂದೆ. ಚೀಟಿಯಲ್ಲಿ ‘ನೆಪೆಂಥಿಸ್ ವೆಂಟ್ರಾಟಾ’ ಎಂದಿದೆ. ತಂದಾಗ ಆರು ಹೂಜಿ ಇದ್ದವು. ಈಗ ನಾಲ್ಕು ಮುಚ್ಚಳದಿಂದ ಕೆಳಕ್ಕೆ ಕಂದಾಗಿ ಕಾಗದದ ಹಾಗೆ ಒಣಗಿವೆ. ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟಿದ್ದೇನೆ, ಎರಡು ದಿನಕ್ಕೊಮ್ಮೆ ಬೋರ್‌ವೆಲ್ ನೀರು ಹಾಕುತ್ತೇನೆ. ಅಮ್ಮ ಒಂದು ಹಿಡಿ ಸಗಣಿ ಗೊಬ್ಬರ ಹಾಕು ಅನ್ನುತ್ತಿದ್ದಾರೆ. ಮಗಳು ನೊಣ ಹಿಡಿದು ಹಾಕಲು ತುದಿಗಾಲಲ್ಲಿ ನಿಂತಿದ್ದಾಳೆ. ಗಿಡ ಸಾಯುತ್ತಿದೆಯಾ? ಮೊದಲು ಏನು ಮಾಡಲಿ?

*ಮೈಸೂರಿನಿಂದ*

ಗಾಬರಿ ಬೇಡ. ಹೂಜಿ ನೋಡಬೇಡಿ, ನಡುವಿನಿಂದ ಬರುವ ಹೊಸ ಎಲೆ ನೋಡಿ. ಅದು ಹಸಿರಾಗಿ, ಗಟ್ಟಿಯಾಗಿ ಬರುತ್ತಿದ್ದರೆ ಗಿಡ ಚೆನ್ನಾಗಿಯೇ ಇದೆ. ನರ್ಸರಿಯ ನೆರಳುಮನೆಯ ತೇವದಿಂದ ಹಾಲ್‌ನ ಒಣ ಗಾಳಿಗೆ ಬಂದ ಗಿಡ ಹಳೆ ಹೂಜಿಗಳನ್ನು ಬಿಟ್ಟುಕೊಡುವುದು ಮಾಮೂಲು. ನನ್ನದು ಒಂಬತ್ತರಲ್ಲಿ ಎಂಟನ್ನು ಒಣಗಿಸಿತ್ತು. ಪೂರ್ತಿ ಒಣಗಿದ ಹೂಜಿಯನ್ನಷ್ಟೇ ಕತ್ತರಿಸಿ, ಎಲೆ ಉಳಿಸಿ. ಆ ಎಲೆ ಇನ್ನೂ ಗಿಡಕ್ಕೆ ಅನ್ನ ಮಾಡಿ ಹಾಕುತ್ತಿರುತ್ತದೆ.

ಮೊದಲು ಮಾಡಬೇಕಾದ್ದು ನೀರು ಬದಲಿಸುವುದು. ಈ ಜಾತಿ ಹುಟ್ಟಿದ್ದು ಸಾರವಿಲ್ಲದ ಮಣ್ಣಿನಲ್ಲಿ. ಬೇರಿಗೆ ಸಿಗದ ಸಾರಜನಕವನ್ನು ಹುಳುಗಳಿಂದ ಪಡೆಯಲೆಂದೇ ಎಲೆಯ ತುದಿ ಹೂಜಿಯಾಗಿದೆ. ಗಡಸು ನೀರಿನ ಉಪ್ಪು ಕುಂಡದಲ್ಲಿ ಸೇರುತ್ತ ಹೋದರೆ ಬೇರು ತಾಳುವುದಿಲ್ಲ. ನೀರಿನಲ್ಲಿ ಕರಗಿದ ಉಪ್ಪು, ಖನಿಜ ಎಷ್ಟಿದೆ ಎಂದು ತೋರಿಸುವ ಟಿಡಿಎಸ್ ಮೀಟರ್ ಇದ್ದರೆ ಅಳೆದು ನೋಡಿ. 50ರ ಒಳಗಿದ್ದರೆ ನಿಶ್ಚಿಂತೆ, 100ರ ತನಕ ಹೇಗೋ ನಡೆಯುತ್ತದೆ. ನಮ್ಮ ಬೋರ್‌ವೆಲ್ ನೀರು 640 ತೋರಿಸಿತು, ಆಮೇಲೆ ಅದನ್ನು ಈ ಗಿಡದ ಹತ್ತಿರ ಒಯ್ದಿಲ್ಲ. ಮಳೆನೀರು ಎಲ್ಲಕ್ಕಿಂತ ಒಳ್ಳೆಯದು. ಆರ್‌ಒ ನೀರೂ ಆಗುತ್ತದೆ, ಆದರೆ ಕೆಲವು ಮೆಷಿನ್‌ಗಳು ಖನಿಜ ಮತ್ತೆ ಬೆರೆಸುತ್ತವೆ, ಹಾಗಾಗಿ ಅದನ್ನೂ ಅಳೆಯಿರಿ. ಮೆಷಿನ್ ಹೊರಹಾಕುವ ವೇಸ್ಟ್ ನೀರು ಮಾತ್ರ ಬೇಡವೇ ಬೇಡ, ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಈಗ ಒಂದು ಸಲ ಕುಂಡದ ಮೇಲಿನಿಂದ ಮೂರ್ನಾಲ್ಕು ಲೀಟರ್ ಒಳ್ಳೆಯ ನೀರನ್ನು ನಿಧಾನವಾಗಿ ಸುರಿದು, ಕೆಳಗಿನ ತೂತಿನಿಂದ ಪೂರ್ತಿ ಹರಿದುಹೋಗಲು ಬಿಡಿ.

ಎರಡನೆಯದು ಜಾಗ. ಟಿವಿ ಪಕ್ಕ ನಮ್ಮ ಕಣ್ಣಿಗೆ ಬೆಳಕಿದೆ ಅನ್ನಿಸುತ್ತದೆ, ಗಿಡಕ್ಕೆ ಅದು ಕತ್ತಲೆ. ಪೂರ್ವದ ಕಿಟಕಿಯಲ್ಲಿ ತೂಗುಹಾಕಿ, ಬೆಳಗಿನ ಎಳೆ ಬಿಸಿಲು ಒಂಬತ್ತು, ಹತ್ತು ಗಂಟೆವರೆಗೆ ಬೀಳಲಿ. ಎಲೆ ದಟ್ಟ ಹಸಿರಾಗಿ, ಉದ್ದುದ್ದ ಬೆಳೆದು ಹೂಜಿ ಮಾತ್ರ ಬರದಿದ್ದರೆ ಬೆಳಕು ಸಾಲದು ಎಂದರ್ಥ. ಎಲೆಗೆ ಚೂರು ಕೆಂಪು ಛಾಯೆ ಬಂದರೆ ಖುಷಿಪಡಿ. ಕಿಟಕಿ ಇಲ್ಲದವರು ಎಲ್ಇಡಿ ದೀಪ ಹತ್ತಿರಕ್ಕೆ ತಂದು ದಿನಕ್ಕೆ 12 ಗಂಟೆ ಉರಿಸಿದರೂ ಬೆಳೆಯುತ್ತದೆ.

*ಮಂಗಳೂರಿನಿಂದ*

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ಕುಂಡದ ಕೆಳಗೆ ತಟ್ಟೆಯಿಟ್ಟು ನೀರು ನಿಲ್ಲಿಸಬೇಡಿ. ಬೇರೆ ಕೆಲವು ಕೀಟಾಹಾರಿ ಗಿಡಗಳಿಗೆ ಅದು ಸರಿ, ಇದಕ್ಕಲ್ಲ. ನನ್ನ ಮೊದಲ ಗಿಡ ಸತ್ತದ್ದು ಹಾಗೆಯೇ. ಕಿತ್ತು ನೋಡಿದರೆ ಕಪ್ಪು ಬೇರೆಲ್ಲ ಬೆರಳಿಗೆ ಅಂಟಿ ಜಾರಿ ಬಂತು, ಹಳಸಲು ವಾಸನೆ. ಆರೋಗ್ಯದ ಬೇರೂ ಕಪ್ಪಗೇ ಇರುತ್ತದೆ, ಆದರೆ ಹಿಡಿದರೆ ಗಟ್ಟಿ. ಡೆಂಗಿ ಕಾಲದಲ್ಲಿ ನಿಂತ ನೀರಿನ ತಟ್ಟೆ ಮನೆಯವರಿಗೂ ಅಪಾಯ. ನಮ್ಮಲ್ಲಿ ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಆಗ ನಾಲ್ಕು ದಿನಕ್ಕೊಮ್ಮೆ ನೀರು ಸಾಕು. ಜೂನ್‌ನಿಂದ ಡ್ರಮ್ ತುಂಬಿಸಿ ಬಿಗಿಯಾಗಿ ಮುಚ್ಚಿಟ್ಟರೆ ಬೇಸಿಗೆಗೆ ಆಗುತ್ತದೆ.

ಎಸಿ ಗಾಳಿ, ಫ್ಯಾನ್ ಗಾಳಿ ನೇರ ಬೀಳದಂತೆ ನೋಡಿಕೊಳ್ಳಿ. ಎಳೆ ಹೂಜಿ ಕಾಳಿನಷ್ಟಿರುವಾಗಲೇ ಸುಟ್ಟ ಹಾಗಾಗಿ ನಿಂತುಬಿಡುತ್ತದೆ.

*ದಾವಣಗೆರೆಯಿಂದ*

ಅಮ್ಮನಿಗೆ ಕೈ ಮುಗಿದು ಬೇಡ ಅನ್ನಿ. ನಾನು ಕೆಂಪು ಮಣ್ಣು, ಎರೆಗೊಬ್ಬರ ಬೆರೆಸಿ ಕುಂಡ ಬದಲಿಸಿದ್ದೆ. ಗುಲಾಬಿಗೆ ಮಾಡುವಷ್ಟೇ ಪ್ರೀತಿಯಿಂದ ಮಾಡಿದ್ದು. ಹದಿನೈದು ದಿನದಲ್ಲಿ ಎಲೆಯಂಚು ಕಪ್ಪಾಗಿ ಗಿಡ ಹೋಯಿತು, ಬಹಳ ಬೇಜಾರಾಯಿತು. ಈಗಿರುವ ಗಿಡ ಸ್ಫ್ಯಾಗ್ನಮ್ ಪಾಚಿ ಅರ್ಧ, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅರ್ಧದಲ್ಲಿದೆ. ತೆಂಗಿನ ಸಿಪ್ಪೆಯ ಚೂರೂ ಆಗುತ್ತದೆ, ಆದರೆ ಮೂರ್ನಾಲ್ಕು ಸಲ ನೆನೆಸಿ ತೊಳೆದು ಉಪ್ಪು ತೆಗೆಯಬೇಕು. ನೀವು ಈಗಲೇ ಕುಂಡ ಬದಲಿಸಬೇಡಿ, ಗಿಡ ಮೊದಲು ಮನೆಗೆ ಒಗ್ಗಲಿ.

*ಶಿಲ್ಲಾಂಗ್‌ನಿಂದ*

ಕೆಲಸದ ಮೇಲೆ ಮೇಘಾಲಯದಲ್ಲಿರುವ ಕನ್ನಡಿಗ. ನಿಮ್ಮ ವೆಂಟ್ರಾಟಾ ಫಿಲಿಪ್ಪೀನ್ಸ್‌ನ ಎರಡು ಜಾತಿಗಳ ಮಿಶ್ರತಳಿ, ಬೆಂಗಳೂರಿನ ಹವೆಗೆ ಚೆನ್ನಾಗಿ ಹೊಂದುತ್ತದೆ, ಹೊಸಬರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಭಾರತದ್ದೇ ಆದ ನೆಪೆಂಥಿಸ್ ಒಂದೇ, ಖಾಸಿಯಾನಾ. ಗಾರೋ, ಖಾಸಿ, ಜೈಂತಿಯಾ ಬೆಟ್ಟಗಳಲ್ಲಿ ಮಾತ್ರ ಉಳಿದಿದೆ. ಗಾರೋ ಜನ ‘ಮೆಮಾಂಗ್ ಕೊಕ್ಸಿ’, ಅಂದರೆ ದೆವ್ವದ ಬುಟ್ಟಿ ಎನ್ನುತ್ತಾರೆ. ಗಾರೋ ಬೆಟ್ಟಗಳ ಬಾಗ್ಮಾರಾದಲ್ಲಿ ಇದಕ್ಕೆಂದೇ ಅಭಯಾರಣ್ಯವಿದೆ. ಇಳಿಜಾರಿನ ಪೊದೆಗಳ ನಡುವೆ ಬಳ್ಳಿ ಹಬ್ಬಿ ಹೂಜಿ ತೂಗುವುದನ್ನು ಕಂಡ ಮೇಲೆ, ಯಾರಾದರೂ ‘ಕಾಡಿನ ಗಿಡ, ಅಪರೂಪದ್ದು’ ಎಂದು ಮಾರಿದರೆ ಸಿಟ್ಟು ಬರುತ್ತದೆ. ಕಾನೂನಿನ ರಕ್ಷಣೆ ಇರುವ ಗಿಡ, ಕಿತ್ತು ತಂದದ್ದನ್ನು ದಯವಿಟ್ಟು ಕೊಳ್ಳಬೇಡಿ. ಕಡ್ಡಿ ನೆಟ್ಟು ಅಥವಾ ಬೀಜದಿಂದ ನರ್ಸರಿಯಲ್ಲೇ ಬೆಳೆಸಿದ್ದು ಎಂದು ಖಚಿತವಾದರೆ ಮಾತ್ರ.

*ಮತ್ತೆ ಮೈಸೂರಿನಿಂದ*

ಮಗಳ ಪ್ರಶ್ನೆ ಬಿಟ್ಟುಹೋಗಿತ್ತು. ನೊಣ ಹಾಕಿದರೆ ಮುಚ್ಚಳ ಮುಚ್ಚಿಕೊಳ್ಳುವುದಿಲ್ಲ, ಅದು ಮಳೆಗೆ ಹಿಡಿದ ಕೊಡೆ ಇದ್ದ ಹಾಗೆ. ಹುಳು ಜಾರುವುದು ಬಾಯಂಚಿನಲ್ಲಿ. ಭೂತಗನ್ನಡಿ ಕೊಟ್ಟು ತೋರಿಸಿ: ಬಳೆಯಂತೆ ಹೊರಳಿದ ಅಂಚು, ಅದರ ಮೇಲೆ ಒಳಮುಖವಾಗಿ ಸಾಲು ಸಾಲು ಗೆರೆ. ತೇವವಾದಾಗ ಇರುವೆಯ ಕಾಲು ಅಲ್ಲಿ ನಿಲ್ಲುವುದೇ ಇಲ್ಲ. ಇರುವೆಗಳು ತಾವೇ ಬೀಳುತ್ತವೆ. ಬೀಳದಿದ್ದರೆ ತಿಂಗಳಿಗೆ ಒಂದೆರಡು ಸಣ್ಣ ಹುಳು ಸಾಕು. ಮಾಂಸದ ಚೂರು, ಹಾಲು ಹಾಕಬೇಡಿ, ಹೂಜಿ ಕೊಳೆಯುತ್ತದೆ. ದಾರಿಯಲ್ಲಿ ಒಳಗಿನ ರಸ ಚೆಲ್ಲಿದ್ದರೆ ಉಳಿದ ಎರಡಕ್ಕೆ ಕಾಲು ಭಾಗ ಮಳೆನೀರು ಹಾಕಿ.

*ವಿಜಯನಗರದಿಂದ, ಐದು ವಾರದ ನಂತರ*

ಕಿಟಕಿಗೆ ಸ್ಥಳಾಂತರ ಆಯಿತು. ನಮ್ಮ ಆರ್‌ಒ ನೀರು 38 ತೋರಿಸುತ್ತಿದೆ, ಅದನ್ನೇ ಹಾಕುತ್ತಿದ್ದೇನೆ. ಹಳೆಯ ಒಂದು ಹೂಜಿ ಉಳಿದಿದೆ. ಎರಡು ಹೊಸ ಎಲೆ ಬಂದಿವೆ. ಒಂದರ ತುದಿಯ ಬಳ್ಳಿ ಕೆಳಗಿಳಿದು ಮತ್ತೆ ಮೇಲಕ್ಕೆ ಕೊಕ್ಕೆಯಂತೆ ಬಾಗಿದೆ, ಕೊನೆಯಲ್ಲಿ ಜೀರಿಗೆಯಷ್ಟು ಉಬ್ಬು, ಮೈತುಂಬ ಕಂದು ರೋಮ. ಇದೇ ಹೂಜಿಯಾ? ಎಷ್ಟು ದಿನ ಬೇಕು?

*ಮೈಸೂರಿನಿಂದ*

ಅದೇ! ನನ್ನಲ್ಲಿ ಅಷ್ಟಾದ ಮೇಲೆ ತೆರೆಯಲು ಸುಮಾರು ಒಂದೂವರೆ ತಿಂಗಳು ಹಿಡಿಯಿತು. ಮೊದಲು ಚಪ್ಪಟೆಯಾಗಿ ಉದ್ದವಾಗುತ್ತದೆ, ಆಮೇಲೆ ಗಾಳಿ ಊದಿದಂತೆ ಉಬ್ಬುತ್ತದೆ. ಮುಚ್ಚಳವನ್ನು ಮಗಳು ಉಗುರಿನಿಂದ ಬಿಡಿಸದಂತೆ ನೋಡಿಕೊಳ್ಳಿ. ತಾನಾಗಿ ತೆರೆದ ದಿನ ಒಳಗೆ ಇಣುಕಿ ನೋಡಲಿ, ಹೊರಗಿನಿಂದ ಒಂದು ಹನಿಯೂ ಹೋಗದೆ ರಸ ಆಗಲೇ ಅಲ್ಲಿರುತ್ತದೆ.