ಸಹಾಯ ಬೇಕು: ರಾತ್ರಿ ಟೆರೇಸ್ ಬೀಗ ತೆಗೆಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನ ಟೆರೇಸಿಗೆ ಈಗ ರಾತ್ರಿ 9ಕ್ಕೇ ಬೀಗ ಬೀಳುತ್ತದೆ. ಮಾತಿನ ಸದ್ದು ಕೆಳಗಿನ ಮನೆಗೆ ಕೇಳಿಸುತ್ತದೆ ಅಂತ ದೂರು. ಅದು ನಿಜವೇ, ರಾತ್ರಿ ಸದ್ದು ಜಾಸ್ತಿ ದೂರ ಹೋಗುತ್ತದೆ.

ಆದರೆ ನನ್ನ ತಮ್ಮ ಮನಸ್ಸು ಬಿಚ್ಚಿ ಮಾತಾಡುವುದು ಅಲ್ಲಿ ಮಾತ್ರ. ಮನೆಯೊಳಗೆ ಕೇಳಿದರೆ ಸುಮ್ನೆ "ಏನಿಲ್ಲ" ಅನ್ನುತ್ತಾನೆ. ಮೇಲೆ, ಹಗಲಿನ ಬಿಸಿಲಿಗೆ ಕಾದು ಇನ್ನೂ ಬೆಚ್ಚಗಿರುವ ಕಾಂಕ್ರೀಟಿನ ಮೇಲೆ ಪಕ್ಕಪಕ್ಕ ಕೂತು ದೂರದ ದೀಪ ನೋಡುತ್ತಿದ್ದರೆ ಒಂದೊಂದಾಗಿ ಹೇಳುತ್ತಾನೆ. ಕೆಲಸ ಹೋಗಿದ್ದನ್ನೂ ಅಲ್ಲೇ ಹೇಳಿದ್ದು. ಬೀಗ ಬಿದ್ದು ಮೂರು ವಾರ. ಮತ್ತೆ ಮೌನ.

ಅಸೋಸಿಯೇಷನ್‌ಗೆ ಪತ್ರ ಬರೆಯಬೇಕು. ಟ್ಯಾಂಕ್ ಪಕ್ಕದ ಮೂಲೆ ಮಾತ್ರ, 10ರವರೆಗೆ, ಸಹಿ ಹಾಕಿ ಬೀಗದ ಕೈ ತೆಗೆದುಕೊಳ್ಳುತ್ತೇವೆ ಅಂದರೆ ಸಾಕಾ? ಯಾರಾದರೂ ಹೀಗೆ ಒಪ್ಪಿಸಿದ್ದರೆ, ಏನು ಬರೆದಿರಿ ಅಂತ ದಯವಿಟ್ಟು ತಿಳಿಸಿ.